ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮೈಸೂರಿನಲ್ಲಿ ಹಳೆಯ ಕಾರುಗಳ ಅಭಿಮಾನಿಗಳು ಕೆಲವರು ಒಂದೆಡೆ ಸೇರಿದ್ದೆವು. ಇಪ್ಪತ್ತು ಇಪ್ಪತ್ತೆರಡು ಕಾರುಗಳು ಸಾಲಾಗಿ ನಿಂತಿದ್ದವು. ಅಂಬಾಸಿಡರು, ಫಿಯೆಟ್ಟು, ಸ್ಟ್ಯಾಂಡರ್ಡ್ ಹೆರಾಲ್ಡು—ಒಂದೊಂದೂ ಮದುವೆಯ ದಿಬ್ಬಣಕ್ಕೆ ಹೊರಟಂತೆ ಥಳಥಳಿಸುತ್ತಿತ್ತು. ನಮ್ಮ ತಂದೆಯವರು 1986ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿಯೂ ಸಾಲಿನ ಕೊನೆಯಲ್ಲಿತ್ತು. ಮಿತ್ರರೊಬ್ಬರು ಬಂದು ಅದರ ಬಾಗಿಲು ತೆರೆದು, ಮುಂದಿನ ಸೀಟನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ, “ಏನು ಮೇಷ್ಟ್ರೇ, ಇದು ಸೀಟೋ ಹಲಗೆಯೋ? ಇದನ್ನೊಮ್ಮೆ ಉದ್ಧಾರ ಮಾಡಿಸಬಾರದೆ?” ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು.

ಉದ್ಧಾರವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ನಿಘಂಟಿನಲ್ಲಿರುವುದು ಒಂದು. ಮಾತು ಕೇಳದ ಮಗನಿಗೆ ತಾಯಿ, “ಉದ್ಧಾರವಾದೆ, ಹೋಗು!” ಎಂದು ಹೇಳುವಾಗ ಇರುವುದು ಇನ್ನೊಂದು. ನಮ್ಮ ಹಳೆಯ ಕಾರುಗಳ ಸೀಟುಗಳಿಗೆ ಈಚೆಗೆ ಆಗುತ್ತಿರುವುದು ಈ ಎರಡನೆಯ ಬಗೆಯ ಉದ್ಧಾರ ಎಂಬುದೇ ನನ್ನ ವಾದ.

ವಾದಕ್ಕೆ ಇಳಿಯುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಹಿಂದಿನ ಸೀಟಿನ ರೆಕ್ಸಿನ್ನು ಮಂಕಾಯಿತೆಂದು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿ, ಮೇಲೆ ಕೊಬ್ಬರಿ ಎಣ್ಣೆ ಸವರಿದೆ. ಒಂದು ವಾರ ಕನ್ನಡಿಯಂತೆ ಹೊಳೆಯಿತು. ತಂದೆಯವರೂ ಮೆಚ್ಚಿದರು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಅದೇ ಉಪಚಾರ ನಡೆಯಿತು. ಕೆಲವು ವರ್ಷಗಳಲ್ಲಿ ಸೀಟು ಹಪ್ಪಳದಂತೆ ಗಟ್ಟಿಯಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತು. ಎಣ್ಣೆ ಸಾಲದೆಂದು ಇನ್ನಷ್ಟು ಎಣ್ಣೆ ಹಚ್ಚಿದೆ!

2016ರಲ್ಲಿ ಆ ಸೀಟಿನ ಒಂದು ಹೊಲಿಗೆ ಎರಡು ಗೇಣಿನಷ್ಟು ಬಿಚ್ಚಿಕೊಂಡಿತು. ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟು, ಹರಿದ ಭಾಗವನ್ನಷ್ಟೇ ಸರಿಮಾಡಿರೆಂದು ಹೇಳಿ ಬಂದೆ. ನಾಲ್ಕು ದಿನ ಬಿಟ್ಟು ಹೋದರೆ ಇಡೀ ಸೀಟು ಹೊಸದಾಗಿದೆ! ಕುಂಕುಮಗೆಂಪು ಬಣ್ಣ, ಅದರ ಮೇಲೆ ಹಾಸಿಗೆಯ ಮೇಲಿನಂತೆ ಚೌಕಚೌಕದ ಹೊಲಿಗೆ. “ಹಳೆಯದು ಎಲ್ಲಿ?” ಎಂದೆ. “ಕಸದ ಗಾಡಿಗೆ ಹೋಯಿತಲ್ಲ ಸಾರ್, ಅದರಲ್ಲೇನಿತ್ತು?” ಎಂದರು.

ಅದರಲ್ಲೇನಿತ್ತು? ನನ್ನ ತಂಗಿ ಚಿಕ್ಕವಳಿದ್ದಾಗ ಕೈವಾರದ ಮೊನೆಯಿಂದ ಎಡಮೂಲೆಯಲ್ಲಿ ತೂತು ಮಾಡಿದ್ದಳು. ನಮ್ಮ ತಾಯಿ ಅದಕ್ಕೆ ಒಂದು ಹಳೆಯ ಕೈಚೀಲದ ತುಂಡನ್ನು ಇಟ್ಟು ಕಪ್ಪು ದಾರದಲ್ಲಿ ಹೊಲಿದಿದ್ದರು. ಹೊಲಿಗೆ ನೇರವಾಗಿರಲಿಲ್ಲ, ಸೂಜಿ ಅಷ್ಟು ಸುಲಭವಾಗಿ ಇಳಿಯುವ ಪದಾರ್ಥವಲ್ಲ ಅದು. ತಾಯಿ 2009ರಲ್ಲಿ ತೀರಿಕೊಂಡರು. ಅಂಗಡಿಯವರಿಗೆ ಇದು ಗೊತ್ತಿರಬೇಕಾಗಿರಲಿಲ್ಲ, ನಿಜ. ಆದರೆ ಹೇಳಿದಷ್ಟು ಮಾಡಿದ್ದರೆ ಸಾಕಾಗಿತ್ತು. ಮೊದಲ ಅಪರಾಧಿ ನಾನು, ಎರಡನೆಯವರು ಅವರು. ಈಗ ಇಬ್ಬರ ಮೇಲೂ ಆರೋಪಪಟ್ಟಿಯನ್ನು ಓದುತ್ತೇನೆ.

ಇದೆಲ್ಲ ಭಾವುಕತೆ ಎನ್ನುವವರುಂಟು. ಅವರಿಗೆ ರಸಾಯನಶಾಸ್ತ್ರದ ಮಾತಿನಲ್ಲೇ ಉತ್ತರ ಕೊಡುತ್ತೇನೆ. ನಾನು ಕನ್ನಡದ ಮೇಷ್ಟ್ರು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸಹೋದ್ಯೋಗಿಗಳು ತಾಳ್ಮೆಯಿಂದ ತಿಳಿಸಿಕೊಟ್ಟದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾವು ರೆಕ್ಸಿನ್ ಎನ್ನುವುದು ಮೊದಲು ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರಿನ ಬಳಿಯ ಹೈಡ್ ಎಂಬ ಊರಿನ ಕಂಪನಿಯೊಂದು ತನ್ನ ಕೃತಕ ಚರ್ಮಕ್ಕೆ ಇಟ್ಟ ಹೆಸರು. ಅದು ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟಿನ ಲೇಪ. ಪದಾರ್ಥ ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಇಂದು ನಾವು ರೆಕ್ಸಿನ್ ಎಂದು ಕರೆಯುವುದು ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಬೇರೆ ದೇಶಗಳವರು ಇದನ್ನು ವಿನೈಲ್ ಎನ್ನುತ್ತಾರೆ. ಪಿವಿಸಿ ಎಂದರೆ ಯಾವುದು? ನಿಮ್ಮ ಮನೆಯ ಗೋಡೆಯ ಮೇಲೆ ಮಹಡಿಯಿಂದ ಮೋರಿಗೆ ಇಳಿದಿದೆಯಲ್ಲ, ಆ ಪೈಪೇ! ಪೈಪು ಕಲ್ಲಿನಂತೆ, ಸೀಟು ಚರ್ಮದಂತೆ. ಎರಡೂ ಒಂದೇ ವಸ್ತು. ವ್ಯತ್ಯಾಸವೆಲ್ಲ ಇರುವುದು ಸೀಟಿನ ರೆಕ್ಸಿನ್ನಿಗೆ ಬೆರೆಸಿದ ಒಂದು ಬಗೆಯ ಎಣ್ಣೆಯಲ್ಲಿ. ಥ್ಯಾಲೇಟ್ ಜಾತಿಯ ಈ ಎಣ್ಣೆಗಳನ್ನು ಮೃದುಕಾರಿಗಳೆನ್ನೋಣ. ಗಟ್ಟಿ ಪಿವಿಸಿಯನ್ನು ಹೀಗೆ ಮೆತ್ತಗೆ ಮಾಡುವ ಉಪಾಯವನ್ನು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಕಂಡುಹಿಡಿದರು. ರಬ್ಬರನ್ನು ಲೋಹಕ್ಕೆ ಅಂಟಿಸುವ ದಾರಿಯನ್ನು ಹುಡುಕುತ್ತಿದ್ದವರಿಗೆ ಇದು ಸಿಕ್ಕಿತು.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಈ ಮೃದುಕಾರಿಗೂ ಪಿವಿಸಿಗೂ ರಾಸಾಯನಿಕ ಬಂಧನವಿಲ್ಲ. ಒಗ್ಗರಣೆಯ ಎಣ್ಣೆ ಶ್ಯಾವಿಗೆ ಉಪ್ಪಿಟ್ಟಿನಲ್ಲಿ ಎಳೆ ಎಳೆಗಳ ನಡುವೆ ಇರುವಂತೆ ಅದು ಸುಮ್ಮನೆ ನಡುವೆ ಇರುತ್ತದೆ. ಅದು ಇರುವವರೆಗೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಸೀಟು ಬಾಗುತ್ತದೆ. ಬಂಧನವಿಲ್ಲದ್ದರಿಂದ ಅದು ನಿಧಾನವಾಗಿ ಹೊರಟುಹೋಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬೇಗ ಹೋಗುತ್ತದೆ. ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕವಿಯುವುದನ್ನು ನೀವು ಒರೆಸಿರಬಹುದು. ಆ ಜಿಡ್ಡಿನಲ್ಲಿ ನಿಮ್ಮ ಸೀಟಿನ ಮೃದುತ್ವದ ಪಾಲೂ ಇದೆ! ಹೊರಟುಹೋದಷ್ಟೂ ಸೀಟು ತನ್ನ ಮೂಲಸ್ವಭಾವಕ್ಕೆ ಮರಳುತ್ತದೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಸೀಟು ಪೈಪಾಗುತ್ತದೆ.

ಈಗ ನನ್ನ ಸೀಮೆಎಣ್ಣೆಯ ವಿಚಾರ. ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟುಗಳು ಮೃದುಕಾರಿಯನ್ನು ಕರಗಿಸಿ ಹೊರಕ್ಕೆ ಎಳೆಯುತ್ತವೆ. ಕೊಬ್ಬರಿ ಎಣ್ಣೆ ಒಳಕ್ಕೆ ಇಳಿದು ಸೀಟನ್ನು ಪೋಷಿಸುತ್ತದೆಂದು ನಾನು ನಂಬಿದ್ದೆ. ಅದೂ ಸೆಳೆಯುವ ಜಾತಿಯದೇ. ಜಿಡ್ಡಿನ ಆಹಾರಪದಾರ್ಥಗಳು ತಗಲುವ ಪ್ಲಾಸ್ಟಿಕ್ಕಿನಲ್ಲಿ ಇಂಥ ಮೃದುಕಾರಿಗಳ ಬಳಕೆಗೆ ಯುರೋಪಿನಲ್ಲಿ ನಿರ್ಬಂಧವಿರುವುದು ಇದಕ್ಕಾಗಿಯೇ—ಜಿಡ್ಡು ಅವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ನಾನು ಸೀಟಿಗೆ ಎಣ್ಣೆ ಕುಡಿಸುತ್ತಿದ್ದೇನೆಂದುಕೊಂಡಿದ್ದೆ. ಎಣ್ಣೆಯೇ ಸೀಟನ್ನು ಕುಡಿಯುತ್ತಿತ್ತು.

ಅಂಗಡಿಗಳಲ್ಲಿ ಸೀಸೆಗಳಲ್ಲಿ ಮಾರುವ ಹೊಳಪಿನ ದ್ರವಗಳ ಕಥೆಯೂ ಬೇರೆಯಲ್ಲ. ಸಿಲಿಕೋನ್ ಎಣ್ಣೆಯುಳ್ಳವು ಮೇಲೆಯೇ ಕೂರುತ್ತವೆ, ಥಳಥಳಿಸುತ್ತವೆ, ಒಳಗಿನ ಕೊರತೆಯನ್ನು ಒಂದಿಷ್ಟೂ ತುಂಬುವುದಿಲ್ಲ. ಸಾಲದೆಂಬಂತೆ, ಮುಂದೆ ಎಂದಾದರೂ ಆ ಸೀಟಿಗೆ ಅಂಟು ಹಾಕಿ ತೇಪೆ ಹಚ್ಚಬೇಕೆಂದರೂ ಬಣ್ಣ ಬಳಿಯಬೇಕೆಂದರೂ ಹಿಡಿಯಗೊಡುವುದಿಲ್ಲ. ದ್ರಾವಕ ಬೆರೆಸಿದ ಇನ್ನು ಕೆಲವು ಔಷಧಗಳು ಹಚ್ಚಿದೊಡನೆ ಸೀಟನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡಿದಂತೆ ತೋರಿಸುತ್ತವೆ. ದ್ರಾವಕ ಆರಿಹೋದ ಮೇಲೆ ಮೊದಲಿನ ಪಾಡೇ, ಕೆಲವೊಮ್ಮೆ ಅದಕ್ಕಿಂತ ಕಡೆ. ಆದುದರಿಂದ ಗಟ್ಟಿಯಾದ ರೆಕ್ಸಿನ್ನನ್ನು ಹದಿನಾರರ ಪ್ರಾಯಕ್ಕೆ ತರುತ್ತೇನೆನ್ನುವವರನ್ನು ನಂಬಬೇಡಿ. ಹೋದದ್ದು ಹೋಯಿತು.

“ಹಾಗಾದರೆ ನೀವೇ ಒಪ್ಪಿದಿರಿ. ಮೆತ್ತಗಾಗದೆಂದ ಮೇಲೆ ಕಿತ್ತೆಸೆದು ಹೊಸದು ಹಾಕಿಸುವುದೇ ಸರಿ” ಎಂದು ನನ್ನ ಮಿತ್ರರು ಇಲ್ಲಿ ಬಾಯಿ ಹಾಕುತ್ತಾರೆ. ಇಲ್ಲ, ಸ್ವಾಮಿ! ಮೆತ್ತಗಾಗದು ಎಂಬುದಕ್ಕೂ ಬಾಳದು ಎಂಬುದಕ್ಕೂ ಬಹಳ ಅಂತರವಿದೆ. ಮುದುಕರ ಮೊಣಕಾಲು ಹುಡುಗರ ಮೊಣಕಾಲಾಗುವುದಿಲ್ಲವೆಂದು ಯಾರೂ ಮುದುಕರನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಇರುವುದು ಇನ್ನಷ್ಟು ಕೆಡದಂತೆ ನೋಡಿಕೊಳ್ಳುತ್ತೇವೆ. ಎಲ್ಲಿ ನೋವೋ ಅಲ್ಲಿ ಪಟ್ಟಿ ಕಟ್ಟುತ್ತೇವೆ.

ಹಿಂದಿನ ಸೀಟು ಹೋದ ಮೇಲೆ ಬುದ್ಧಿ ಬಂದು, ಮರುವರ್ಷ ಮುಂದಿನ ಸೀಟನ್ನು ನಮ್ಮ ಊರಿನ ಒಬ್ಬ ವಯಸ್ಸಾದ ಸಾಹೇಬರ ಹತ್ತಿರ ಕೊಂಡೊಯ್ದೆ. ನಮ್ಮ ಪದ್ಮಿನಿಯ ಮುಂದಿನ ಸೀಟು ಬಾಗಿಲಿನಿಂದ ಬಾಗಿಲಿಗೆ ಒಂದೇ. ಗೇರು ಸ್ಟೀರಿಂಗಿನ ಪಕ್ಕದಲ್ಲಿರುವುದರಿಂದ ನಡುವೆ ಮೂರನೆಯವರೂ ಕೂರಬಹುದು. ಸಾಹೇಬರು ಅಂಗೈಯಿಂದ ಅದನ್ನು ತಡವಿ, “ಸತ್ತಿಲ್ಲ ಮೇಷ್ಟ್ರೇ, ಒಣಗಿದೆ ಅಷ್ಟೇ” ಎಂದರು. ಅವರು ಮಾಡಿದ ಕೆಲಸವನ್ನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದ್ದೇನೆ.

ಮೊದಲ ದಿನ ತೊಳೆದದ್ದೇ ಕೆಲಸ. ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಮೆತ್ತನೆಯ ಬ್ರಷ್ಷು, ಬೇರೇನೂ ಇಲ್ಲ. ಕೂದಲು ಒಣಗಿಸುವ ಹೇರ್ ಡ್ರೈಯರಿನಿಂದ ದೂರದಿಂದ ಬಿಸಿಗಾಳಿ ಕೊಟ್ಟು, ರೆಕ್ಸಿನ್ನು ಸ್ವಲ್ಪ ಬಾಗುವಷ್ಟಾದಾಗ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಬಿಚ್ಚಿದರು. ತಣ್ಣಗಿರುವಾಗ ಎಳೆದಿದ್ದರೆ ಗಾಜಿನಂತೆ ಒಡೆಯುತ್ತಿತ್ತು. ಅತಿಯಾಗಿ ಕಾಯಿಸಿದ್ದರೆ ಹಳದಿಗಟ್ಟಿ ಸುಟ್ಟುಹೋಗುತ್ತಿತ್ತು. ಬಿರುಕುಗಳ ಕೆಳಗೆ ಹತ್ತಿಬಟ್ಟೆಯ ಪಟ್ಟಿಯನ್ನಿಟ್ಟು ಬಾಗುವ ಅಂಟಿನಿಂದ ಹಿಡಿಸಿದರು. ತೀರ ಹೋಗಿದ್ದುದು ಚಾಲಕ ಹತ್ತಿ ಇಳಿಯುವ ಅಂಚು. ಅದಕ್ಕೆ ತುಂಡು ಎಲ್ಲಿಂದ? ಒರಗಿನ ಬೆನ್ನಿನಲ್ಲಿ ಒಳಕ್ಕೆ ಮಡಚಿ ಸೇರಿಸಿದ ಪಟ್ಟಿಯಿತ್ತು; ಬಿಸಿಲು ಕಾಣದ್ದರಿಂದ ಅದು ಇನ್ನೂ ಬಾಗುತ್ತಿತ್ತು. ಅದನ್ನು ಕತ್ತರಿಸಿ ಅಂಚಿಗೆ ಹಾಕಿದರು. ಕತ್ತರಿಸಿದ ಕಡೆ ಕ್ಯಾನ್ವಾಸು ಹೊಲಿದರು. ಹಳೆಯ ಸೂಜಿಯ ತೂತುಗಳಲ್ಲೇ ಹೊಸ ದಾರ ಹಾಯಿಸಿದರು. ಹೊಸ ತೂತು ಮಾಡಿದರೆ ಒಣಗಿದ ರೆಕ್ಸಿನ್ನು ಅಂಚೆಚೀಟಿಯಂತೆ ಆ ಸಾಲಿನಲ್ಲೇ ಹರಿಯುತ್ತದಂತೆ. ಒಳಗೆ ಕುಸಿದಿದ್ದ ತೆಂಗಿನ ನಾರಿನ ಹಾಸನ್ನು ಬದಲಾಯಿಸಿದರು. ಇದು ಬಹಳ ಮುಖ್ಯ. ಸೀಟು ಚುಚ್ಚುವುದು, ಕುಗ್ಗುವುದು, ಮೇಲಿನ ಹೊದಿಕೆ ಜಗ್ಗಿ ಬಿರಿಯುವುದು, ಎಷ್ಟೋ ಪಾಲು ಒಳಗಿನ ಹಾಸಿನ ದೋಷ. ಬೈಗುಳವೆಲ್ಲ ಮೇಲಿನ ರೆಕ್ಸಿನ್ನಿಗೆ.

ಮೂರು ದಿನದ ಕೂಲಿ ತೆಗೆದುಕೊಳ್ಳುತ್ತ ಸಾಹೇಬರು ಅಂದರು: “ಹೊಸದು ಹಾಕಿದ್ದರೆ ಒಂದು ದಿನದ ಕೆಲಸ ಮೇಷ್ಟ್ರೇ, ದುಡ್ಡೂ ಜಾಸ್ತಿ. ಮೂರು ದಿನ ಕೂತು ಹಳೇದನ್ನ ಹೊಲಿದರೆ ಕೂಲಿ ಯಾರು ಕೊಡ್ತಾರೆ? ನನ್ನ ಮಗ ರೆಡಿಮೇಡ್ ಕವರ್ ಮಾರ್ತಾನೆ, ಅರ್ಧ ಗಂಟೆಗೆ ಒಂದು ಕಾರು.” ಆ ಸೀಟು ಇಂದಿಗೂ ಗಟ್ಟಿಯಾಗಿಯೇ ಇದೆ. ಆದರೆ ಆ ಬಳಿಕ ಒಂದೇ ಒಂದು ಹೊಸ ಬಿರುಕು ಬಿಟ್ಟಿಲ್ಲ. ಕಾರನ್ನು ನೆರಳಿನಲ್ಲಿ ನಿಲ್ಲಿಸುತ್ತೇನೆ. ಬಿಸಿಲಿಗೆ ನಿಲ್ಲಿಸಲೇಬೇಕಾದರೆ ಗಾಜಿಗೆ ಪರದೆ ಹಾಕುತ್ತೇನೆ. ಬೇರೆ ಗುಟ್ಟೇನೂ ಇಲ್ಲ.

ಇಷ್ಟು ಶ್ರಮ ಒಂದು ಪ್ಲಾಸ್ಟಿಕ್ಕಿಗೆ ಏಕೆ ಎಂಬುದು ನನ್ನ ಮಿತ್ರರ ಕೊನೆಯ ಬಾಣ. “ಚರ್ಮವಾಗಿದ್ದರೆ ಸರಿ, ರೇಷ್ಮೆಯಾಗಿದ್ದರೆ ಸರಿ. ರೆಕ್ಸಿನ್ ಅಲ್ಲವೆ?”

ಹೌದು, ರೆಕ್ಸಿನ್ನೇ, ನನ್ನ ತಕರಾರಿನ ಬೇರು ಇರುವುದೂ ಅಲ್ಲಿಯೇ. ಅರಮನೆಯ ರೇಷ್ಮೆಯನ್ನು ಉಳಿಸುವುದಕ್ಕೆ ಜನರಿದ್ದಾರೆ, ಹಣವಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಮೇಲೆದ್ದು ಬಂದ ಗುಮಾಸ್ತರು, ಮೇಷ್ಟ್ರುಗಳು, ಡಾಕ್ಟರುಗಳು, ಟ್ಯಾಕ್ಸಿಯವರು ಬಾಳಿದ್ದು ರೆಕ್ಸಿನ್ನಿನ ಮೇಲೆ. ಅವರ ಸ್ಕೂಟರಿನ ಸೀಟು, ಪಡಸಾಲೆಯ ಸೋಫಾ, ಮಕ್ಕಳ ಸ್ಕೂಲು ಚೀಲ, ವಿಮೆಯ ಏಜೆಂಟರ ಕೈಚೀಲ, ಎಲ್ಲವೂ ಅದೇ. ಬಡ ಪದಾರ್ಥವೆಂದು ಅದನ್ನು ಯಾರೂ ಕಾಪಾಡುವುದಿಲ್ಲ. ಪದ್ಮಿನಿಯ ತಯಾರಿಕೆ 2001ರ ಹೊತ್ತಿಗೆ ನಿಂತಿತು. ಅಂಬಾಸಿಡರು 2014ರಲ್ಲಿ ನಿಂತಿತು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಪದ್ಮಿನಿಯ ಓಟ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಆ ಸೀಟುಗಳ ಮೇಲೆ ಒತ್ತಿದ್ದ ಗೆರೆ, ಆ ಚರ್ಮದ ಸುಕ್ಕಿನ ನಕಲು, ಆ ಬಣ್ಣ, ಇವು ಈಗ ಉಳಿದಿರುವುದು ಉಳಿದ ಸೀಟುಗಳ ಮೇಲೆ ಮಾತ್ರ. ಒಂದೊಂದು ಕಾರು ‘ಉದ್ಧಾರ’ವಾದಾಗಲೂ ಒಂದೊಂದು ಪ್ರತಿ ಕಳೆದುಹೋಗುತ್ತದೆ.

ಪ್ರತಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತರಗತಿಯಲ್ಲಿ ಪಾಠ ಹೇಳುವವನು ನಾನು. ಓಲೆಗರಿ ಒಣಗಿ ಸೆಟೆದುಕೊಂಡರೆ ನಿಂಬೆಹುಲ್ಲಿನ ಎಣ್ಣೆ ಸವರಿ ಬಾಗುವಂತೆ ಮಾಡುತ್ತಾರೆ. ಗರಿಗೆ ಅದು ಹಿತ, ರೆಕ್ಸಿನ್ನಿಗೆ ಎಣ್ಣೆ ಹಿತವಲ್ಲ. ಒಂದೊಂದು ವಸ್ತುವಿನ ಧರ್ಮ ಒಂದೊಂದು. ಆದರೆ ನೀತಿ ಒಂದೇ. ಗರಿ ಮುರಿದು ಅಕ್ಷರಗಳು ಬಿದ್ದುಹೋದ ಕಡೆ ಸಂಪಾದಕರು ಚುಕ್ಕೆಗಳನ್ನಿಟ್ಟು ಲೋಪವನ್ನು ತೋರಿಸುತ್ತಾರೆ; ಊಹಿಸಿ ತುಂಬಿದರೆ ಕಂಸ ಹಾಕಿ, ಇದು ತನ್ನದೆಂದು ಒಪ್ಪಿಕೊಳ್ಳುತ್ತಾರೆ. ನಾಲ್ಕು ಅಕ್ಷರ ಹೋಗಿದೆಯೆಂದು ಇಡೀ ಕಾವ್ಯವನ್ನು ತಾವೇ ಬರೆದು ಹಳೆಯ ಗರಿಯನ್ನು ಒಲೆಗೆ ಹಾಕುವ ಸಂಪಾದಕರನ್ನು ನಾವೇನೆಂದು ಕರೆಯುತ್ತೇವೆ?

ಹೊರದೇಶಗಳಲ್ಲಿ ಇದನ್ನು ಹುಚ್ಚೆಂದು ತಿಳಿದಿಲ್ಲ. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇವೋನ್ ಶಶೂವಾ ಅವರು ಪಿವಿಸಿ ವಸ್ತುಗಳು ಕೆಡುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೃದುಕಾರಿ ಹೊರಹೋಗದಂತೆ ತಡೆದಷ್ಟೂ ವಸ್ತು ಬಾಳುತ್ತದೆಂದು ತೋರಿಸಿಕೊಟ್ಟರು. ಚಂದ್ರಯಾತ್ರಿಕರ ಅಪೊಲೊ ಉಡುಪುಗಳಲ್ಲಿನ ಪಿವಿಸಿ ಕೊಳವೆಗಳೂ ಜಿಡ್ಡು ಒಸರಿ ಕೆಡುತ್ತಿರುವುದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯವರಿಗೆ ತಲೆನೋವಾಗಿದೆ. ಚಂದ್ರನಿಗೆ ಹೋದ ಪ್ಲಾಸ್ಟಿಕ್ಕಿಗೂ ನಂಜನಗೂಡಿಗೆ ಹೋದ ಪ್ಲಾಸ್ಟಿಕ್ಕಿಗೂ ರೋಗ ಒಂದೇ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದೆಂಬುದನ್ನು ಅಂಗೀಕರಿಸಿತು. ಇರುವುದನ್ನು ಉಳಿಸುವುದು ಮೊದಲು, ಹೊಸದಾಗಿಸುವುದು ಕೊನೆಗೆ ಎಂಬುದು ಅದರ ಸಾರ. ಟ್ಯೂರಿನ್ ಫಿಯೆಟ್ಟಿನ ಹುಟ್ಟೂರು. ನನ್ನ ಪದ್ಮಿನಿಗೆ ಅದು ತವರುಮನೆಯ ಮಾತು.

ನಮ್ಮ ಸರ್ಕಾರವೂ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕೊಡುವ ನಿಯಮ ಮಾಡಿತು. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಕವಚ, ಎಂಜಿನ್ನುಗಳಲ್ಲಿ ಹೆಚ್ಚಿನ ಬದಲಾವಣೆ ಆಗಿರಬಾರದು ಎಂದಿದೆ. ಒಳ್ಳೆಯದೇ. ಆದರೆ ಸೀಟಿನ ಹೆಸರು ಅಲ್ಲಿಲ್ಲ. ಕಾರಿನಲ್ಲಿ ಮನುಷ್ಯರ ಮೈ ತಾಗಿದ ಜಾಗ ಯಾವುದೋ ಅದೇ ನಿಯಮದ ಕಣ್ಣಿಗೆ ಬಿದ್ದಿಲ್ಲ. ನನ್ನ ಕಾರು ಆ ಗೌರವಕ್ಕೆ 2036ರವರೆಗೆ ಕಾಯಬೇಕು. ಅಷ್ಟರೊಳಗೆ ಯಾರಾದರೂ ಒಂದು ಪದ ಸೇರಿಸಿದರೆ ಸಂತೋಷ.

ನಾನು ಹಟಮಾರಿಯಲ್ಲ. ನಿಜವಾಗಿಯೂ ಪುಡಿಪುಡಿಯಾದ ಸೀಟಿನ ಮೇಲೆ ಕೂರಿರೆಂದು ಯಾರಿಗೂ ಹೇಳುವುದಿಲ್ಲ. ಬದಲಾಯಿಸಲೇಬೇಕಾದರೆ ಹೊಲಿಗೆಯಿಂದ ಹೊಲಿಗೆಗೆ, ಹೋದ ಅಂಕಣವನ್ನಷ್ಟೇ ಬದಲಾಯಿಸಿ. ಆದಷ್ಟೂ ಅದೇ ಬಣ್ಣ, ಅದೇ ಗೆರೆಗೆ ಹತ್ತಿರದ್ದನ್ನು ಹುಡುಕಿ. ಹಳೆಯದನ್ನು ಬಿಸಾಡಬೇಡಿ, ಮಡಚಬೇಡಿ, ಚಪ್ಪಟೆಯಾಗಿಟ್ಟು ತಾರೀಖು ಬರೆದಿಡಿ. ಕೆಲಸಕ್ಕೆ ಕೊಡುವಾಗ ಏನನ್ನು ಮುಟ್ಟಬಾರದು ಎಂಬುದನ್ನು ಕಾಗದದ ಮೇಲೆ ಬರೆದು ಕೊಡಿ. ನಾನು ಬಾಯಲ್ಲಿ ಹೇಳಿ ಕೆಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ, ಮೂರು ದಿನ ಕೂತು ಹೊಲಿಯುವ ಕೈ ಇನ್ನೂ ನಿಮ್ಮ ಊರಿನಲ್ಲಿದ್ದರೆ ಅದಕ್ಕೆ ಮೂರು ದಿನದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡಿ. ರೆಕ್ಸಿನ್ನಿಗಿಂತ ಮೊದಲು ಒಣಗಿಹೋಗುತ್ತಿರುವುದು ಆ ವಿದ್ಯೆ.

ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು. ಅದನ್ನು ಕೆಡವಿ ಅದರ ಜಾಗದಲ್ಲಿ ಹೊಸದನ್ನು ಕೂರಿಸುವುದಕ್ಕೆ ಬೇರೆ ಹೆಸರಿದೆ. ನಮ್ಮ ಹಳೆಯ ದೇವಸ್ಥಾನಗಳ ಕಂಬಗಳಿಗೆ ಎನಾಮೆಲ್ ಬಣ್ಣ ಬಳಿದವರೂ ಜೀರ್ಣೋದ್ಧಾರವೆಂದೇ ಫಲಕ ಹಾಕಿದ್ದಾರೆ.

ಮುಂದಿನ ಸಲ ಆ ಮಿತ್ರರು ನನ್ನ ಸೀಟನ್ನು ಬಡಿದು ನೋಡಿದರೆ, ಬಡಿಯಬೇಡಿ, ಕೂರಿ ಎಂದು ಹೇಳುವವನಿದ್ದೇನೆ. ಕೂತು ನಂಜನಗೂಡಿಗೆ ಹೋಗಿಬರೋಣ. ಹಿಂದಿನ ಸೀಟಿನ ಕುಂಕುಮಗೆಂಪನ್ನು ಮಾತ್ರ ತಿರುಗಿ ನೋಡಬೇಡಿರೆಂದು ಕೇಳಿಕೊಳ್ಳುತ್ತೇನೆ. ಅದು ಬಹಳ ಮೆತ್ತಗಿದೆ; ನಾನು ಅದರ ಮೇಲೆ ಈವರೆಗೆ ಕೂತಿಲ್ಲ.